ಸಾಂಕ್ಟ್ ಗಾಲೆನ್ ಮಠದ ಚಿಲ್ಲರೆ ನಾಣ್ಯ: ಗುರುತು ಹಿಡಿಯುವುದು, ತೂಗುವುದು, ಕಾಪಾಡುವುದು

ಕರಡಿ ಕಂಡ ಕೂಡಲೇ ಮಠದ ನಾಣ್ಯ ಅಂತ ತೀರ್ಮಾನ ಮಾಡಬೇಡಿ. ಈ ಸಂಗ್ರಹಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಸ್ವಿಟ್ಜರ್ಲೆಂಡಿನ ಹಳೆಯ ಚಿಲ್ಲರೆಯಲ್ಲಿ ಕರಡಿಗೆ ಬರವಿಲ್ಲ. ಸಾಂಕ್ಟ್ ಗಾಲೆನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದ ಲಾಂಛನ ಕರಡಿ. ಮಠಕ್ಕೆ ಅಂಟಿಕೊಂಡೇ ಇದ್ದ ಸಾಂಕ್ಟ್ ಗಾಲೆನ್ ನಗರದ್ದೂ ಕರಡಿ. ಪಕ್ಕದ ಅಪೆನ್ಜೆಲ್‌ನದೂ ಕರಡಿ. ದೂರದ ಬರ್ನ್ ನಗರವಂತೂ ಕರಡಿಗೇ ಹೆಸರುವಾಸಿ. ಮಾರುವವರು ಎಷ್ಟೋ ಸಲ ಇವನ್ನೆಲ್ಲ ಒಂದೇ ತಟ್ಟೆಗೆ ಸುರಿದು ಒಂದೇ ಚೀಟಿ ಅಂಟಿಸಿರುತ್ತಾರೆ. ಕರಡಿಯ ಸುತ್ತಮುತ್ತ ಏನಿದೆ ಅಂತ ನೋಡುವುದು ನಿಮ್ಮ ಕೆಲಸ.

ನನಗೆ ಟಾಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯಗಳ ಮೇಲೆ ಅಷ್ಟು ಆಸೆ ಇಲ್ಲ. ಅವು ನೋಡಲು ಚೆಂದ, ನಿಜ. ಆದರೆ ಟಾಲರ್ ಹೆಚ್ಚಾಗಿ ಸಾಹುಕಾರರ ಪೆಟ್ಟಿಗೆಯಲ್ಲೇ ಕೂತಿತ್ತು. ರೊಟ್ಟಿ ಕೊಂಡವರು, ಸುಂಕ ಕಟ್ಟಿದವರು, ಕೂಲಿ ಪಡೆದವರು ಎಣಿಸಿದ್ದು ಕ್ರೊಯ್ಟ್ಸರ್ ಎಂಬ ಸಣ್ಣ ನಾಣ್ಯಗಳನ್ನು. ಒಂದು ಮಠ ಊರುಗಳನ್ನು ಆಳುತ್ತಿತ್ತು ಅನ್ನುವ ವಿಷಯ ಜನರ ಕೈಗೆ ತಲುಪಿದ್ದು ಈ ಸಣ್ಣ ಸವಕಲು ಚೂರುಗಳ ಮೂಲಕ. ಅದಕ್ಕೇ ನಾನು ಇವನ್ನೇ ಹುಡುಕುತ್ತೇನೆ, ಇವುಗಳ ಬಗ್ಗೆಯೇ ಬರೆಯುತ್ತಿದ್ದೇನೆ.

ಮಠಕ್ಕೆ ಈ ಹಕ್ಕು ಎಲ್ಲಿಂದ ಬಂತು?

ಇದನ್ನು ತಿಳಿಯದೆ ನಾಣ್ಯದ ಮೇಲಿನ ಅಕ್ಷರ ಓದಲು ಆಗುವುದಿಲ್ಲ. 947ರಲ್ಲಿ ಜರ್ಮನಿಯ ರಾಜ ಒಂದನೆಯ ಒಟ್ಟೋ ಈ ಮಠದ ಅಧಿಪತಿ ಕ್ರಾಲೋಗೆ ಒಂದು ಸನ್ನದು ಕೊಟ್ಟ. ಕಾನ್ಸ್ಟಾನ್ಸ್ ಸರೋವರದ ದಡದ ರೋರ್ಶಾಖ್‌ನಲ್ಲಿ ಸಂತೆ ನಡೆಸಬಹುದು, ಸುಂಕ ವಸೂಲಿ ಮಾಡಬಹುದು, ನಾಣ್ಯ ಹೊಡೆಯಬಹುದು. ಈ ಮೂರೂ ಒಟ್ಟಿಗೇ ಬಂದವು. ಸಂತೆ ನಡೆಯಬೇಕಾದರೆ ಚಿಲ್ಲರೆ ಬೇಕು, ಸುಂಕ ಎತ್ತಬೇಕಾದರೂ ಚಿಲ್ಲರೆ ಬೇಕು, ಅಲ್ವಾ? 1207ರಲ್ಲಿ ಮಠಾಧಿಪತಿಗೆ ಪವಿತ್ರ ರೋಮನ್ ಸಾಮ್ರಾಜ್ಯದ ರಾಜಕುಮಾರ ಅನ್ನುವ ಪದವಿಯೂ ಬಂತು. 1468ರಲ್ಲಿ ಮಠಾಧಿಪತಿ ಉಲ್ರಿಖ್ ರ್‍ಯೋಶ್ ಟೊಗೆನ್‌ಬುರ್ಗ್ ಸೀಮೆಯನ್ನೇ ದುಡ್ಡು ಕೊಟ್ಟು ಕೊಂಡ. 1555ರಲ್ಲಿ ಟೂರ್ ಕಣಿವೆಯ ಸಾಂಕ್ಟ್ ಯೋಹಾನ್ ಎಂಬ ಇನ್ನೊಂದು ಮಠ ಇದರೊಳಗೆ ಸೇರಿತು. ಈ ಕೊನೆಯ ಎರಡು ಇಸವಿ ನೆನಪಿಟ್ಟುಕೊಳ್ಳಿ, ಗುರಾಣಿ ಓದುವಾಗ ಬೇಕಾಗುತ್ತವೆ.

ಈ ಆಳ್ವಿಕೆ ಮುಗಿದದ್ದು 1798ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹೆಲ್ವೆಟಿಕ್ ಗಣರಾಜ್ಯ ಎಂಬ ಹೊಸ ಸರ್ಕಾರ ಬಂದಾಗ. 1805ರಲ್ಲಿ ಮಠವನ್ನೇ ರದ್ದು ಮಾಡಿದರು. ಆಮೇಲೆ 1850ರ ಕಾನೂನಿನಿಂದ ಇಡೀ ಸ್ವಿಟ್ಜರ್ಲೆಂಡಿಗೆ ಒಂದೇ ನಾಣ್ಯ ಬಂತು. ಹಳೆಯ ಚಿಲ್ಲರೆಯನ್ನು ವಾಪಸ್ ತೆಗೆದುಕೊಂಡು ಕರಗಿಸಿದರು. ಬೆಳ್ಳಿ ಕಡಿಮೆ ಇದ್ದ ಸಣ್ಣ ನಾಣ್ಯವನ್ನು ಮನೆಯಲ್ಲಿ ಕಾಪಾಡಿಕೊಂಡವರು ಕಡಿಮೆ. ಟಾಲರ್ ಹಾಗಲ್ಲ, ಅದನ್ನು ಎತ್ತಿಟ್ಟುಕೊಂಡರು. ಹಾಗಾಗಿ ಒಳ್ಳೆಯ ಸ್ಥಿತಿಯ ಕ್ರೊಯ್ಟ್ಸರ್ ಸಿಕ್ಕಿದರೆ ಅದನ್ನು ಸಣ್ಣದು ಅಂತ ಕಡೆಗಣಿಸಬೇಡಿ.

ನಾಲ್ಕು ಕರಡಿಗಳು

ಈಗ ಮುಖ್ಯ ವಿಷಯ. ಮೇಜಿನ ಮೇಲೆ ಬಿಳಿ ಹಾಳೆ ಹಾಕಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ದೀಪ ಮೇಲಿಂದ ಬೇಡ, ಪಕ್ಕದಿಂದ ಇರಲಿ. ಸವೆದ ನಾಣ್ಯದಲ್ಲಿ ಮೇಲಿನ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ. ಪಕ್ಕದ ಬೆಳಕಿಗೆ ಅಕ್ಷರದ ನೆರಳು ಬೀಳುತ್ತದೆ. ನಾಣ್ಯವನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಒಂದು ಕೋನದಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಎದ್ದು ಕಾಣುತ್ತದೆ.

ಮೊದಲು ನಗರದ ಕರಡಿಯನ್ನು ಬೇರೆ ಮಾಡಿ, ಯಾಕೆಂದರೆ ಜಾಸ್ತಿ ಗೊಂದಲ ಅಲ್ಲಿಯೇ. ಸಾಂಕ್ಟ್ ಗಾಲೆನ್ ನಗರ ಮಠದ ಮಗ್ಗುಲಲ್ಲೇ ಬೆಳೆಯಿತು, ಆಮೇಲೆ ಮಠದ ಹಿಡಿತದಿಂದ ಹೊರಗೆ ಬಂತು. 1457ರಲ್ಲಿ ದುಡ್ಡು ಕಟ್ಟಿ ಪೂರ್ತಿ ಬಿಡುಗಡೆ ಪಡೆಯಿತು. ಮುಂದೆ ನಗರದವರು ಪ್ರಾಟೆಸ್ಟೆಂಟ್ ಆದರು, ಮಠ ಕ್ಯಾಥೋಲಿಕ್ ಆಗಿಯೇ ಉಳಿಯಿತು. 1566ರ ಒಪ್ಪಂದದ ನಂತರ ಇಬ್ಬರ ನಡುವೆ ದೊಡ್ಡ ಗೋಡೆಯನ್ನೇ ಕಟ್ಟಿದರು. ಗೋಡೆಯ ಈಚೆಗೊಂದು ಸರ್ಕಾರ, ಆಚೆಗೊಂದು. ಎರಡಕ್ಕೂ ಕರಡಿಯೇ ಗುರುತು. ಮಠಕ್ಕೆ ಹೆಸರು ಕೊಟ್ಟ ಸಂತ ಗಾಲಸ್‌ನ ಬೆಂಕಿಗೆ ಸೌದೆ ಹೊತ್ತು ತಂದು ಅವನ ಕೈಯಿಂದ ರೊಟ್ಟಿ ಪಡೆದ ಕರಡಿಯ ಕಥೆ ಎರಡೂ ಕಡೆಯವರದು. ನಗರದ ನಾಣ್ಯದ ಮೇಲೆ 'ಸಿವಿಟಾಟಿಸ್' (ಲ್ಯಾಟಿನ್‌ನಲ್ಲಿ ‘ನಗರದ’) ಅಂತಲೋ ಅದರ ಮೊದಲ ನಾಲ್ಕೈದು ಅಕ್ಷರವೋ ಇದ್ದರೆ ಮುಗಿಯಿತು, ಅದು ನಗರದ್ದು. 'ಸೋಲಿ ಡೆಯೋ' ಅಂತ ಶುರುವಾಗುವ, ದೇವರೊಬ್ಬನಿಗೇ ಸ್ತುತಿ ಅನ್ನುವ ಬರಹ ಇದ್ದರೂ ನಗರದ್ದೇ. ಅಂದ ಹಾಗೆ, ಈ ನಗರ 1424ರಲ್ಲಿ ಹೊಡೆದ ಪ್ಲಾಪಾರ್ಟ್ ಎಂಬ ನಾಣ್ಯ ಯುರೋಪಿನಲ್ಲಿ ಇಸವಿಯನ್ನು ಇವತ್ತಿನಂಥ ಅಂಕಿಗಳಲ್ಲಿ ಹಾಕಿದ ಅತಿ ಹಳೆಯ ನಾಣ್ಯಗಳ ಸಾಲಿಗೆ ಸೇರುತ್ತದೆ. ಮಠದ ನಾಣ್ಯ ಹುಡುಕುತ್ತಾ ಅದು ಕಣ್ಣಿಗೆ ಬಿದ್ದರೆ ಬಿಡಬೇಡಿ.

ಎರಡನೆಯದು ಅಪೆನ್ಜೆಲ್. ಇಲ್ಲಿನ ಜನ ಮೊದಲು ಮಠದ ಪ್ರಜೆಗಳು. 1403 ಮತ್ತು 1405ರಲ್ಲಿ ಮಠದ ವಿರುದ್ಧ ಯುದ್ಧ ಗೆದ್ದರು, ಆದರೆ ಕರಡಿಯನ್ನು ಮಾತ್ರ ತಮ್ಮ ಜೊತೆಗೇ ಇಟ್ಟುಕೊಂಡರು. ಇಲ್ಲಿ ಅಕ್ಷರ ಓದುವವರು ಎಡವುವ ಒಂದು ಜಾಗ ಇದೆ. ಮಠಾಧಿಪತಿಯ ನಾಣ್ಯದಲ್ಲಿ 'ಅಬ್ಬಾಸ್', ಅಂದರೆ ಮಠಾಧಿಪತಿ, ಅನ್ನುವುದನ್ನು ಎ, ಬಿ, ಬಿ ಎಂದು ಚುಟುಕಾಗಿ ಹಾಕಿರುತ್ತಾರೆ. ಅಪೆನ್ಜೆಲ್‌ಗೆ ಲ್ಯಾಟಿನ್‌ನಲ್ಲಿ 'ಅಬ್ಬಾಟಿಸ್ ಸೆಲ್ಲಾ' ಅಂತ ಹೆಸರು. ಅದೂ ಶುರುವಾಗುವುದು ಎ, ಬಿ, ಬಿ ಎಂದೇ. ನಾಣ್ಯ ಅರ್ಧ ಸವೆದಿದ್ದರೆ ಆ ಮೂರು ಅಕ್ಷರ ನೋಡಿ ಖುಷಿಪಡಬೇಡಿ. ಮುಂದೆ ಏನಿದೆ ಅಂತ ಬೆಳಕು ಹಾಯಿಸಿ ನೋಡಿ. ಎ, ಬಿ, ಬಿ ನಂತರ ಚುಕ್ಕೆ ಬಂದು ಎಸ್, ಜಿ ಅಂತ ಇದ್ದರೆ ಮಠ. ಚುಕ್ಕೆಯೇ ಇಲ್ಲದೆ ಪದ ಮುಂದುವರಿದರೆ ಅಪೆನ್ಜೆಲ್.

ಬರ್ನ್‌ನ ಕರಡಿ ಸುಲಭ. ಅದು ನಾಲ್ಕು ಕಾಲಿನ ಮೇಲೆ ನಡೆಯುತ್ತದೆ, ಗುರಾಣಿಯಲ್ಲಿ ಓರೆಯಾಗಿ ಮೇಲಕ್ಕೆ ಹತ್ತುತ್ತದೆ. ಸುತ್ತ ಬರ್ನ್ ಹೆಸರೂ ಇರುತ್ತದೆ. ಸಾಂಕ್ಟ್ ಗಾಲೆನ್‌ನ ಲಾಂಛನದ ಕರಡಿ ಹಿಂಗಾಲ ಮೇಲೆ ಎದ್ದು ನಿಂತದ್ದು.

ಇನ್ನು ಸಾಂಕ್ಟ್ ಗಾಲೆನ್ ಹೆಸರಿದ್ದೂ ಕರಡಿ ಇಲ್ಲದ ಚಿಲ್ಲರೆ ಬೇಕಾದಷ್ಟು ಸಿಗುತ್ತದೆ. ಕೋಲುಗಳ ಕಂತೆ ಕಟ್ಟಿ ನಡುವೆ ಕೊಡಲಿ ಸಿಕ್ಕಿಸಿದ ಚಿತ್ರ ಇದ್ದರೆ ಅದು 1803ರಲ್ಲಿ ಹುಟ್ಟಿದ ಸಾಂಕ್ಟ್ ಗಾಲೆನ್ ಕ್ಯಾಂಟನ್‌ನ (ಸ್ವಿಟ್ಜರ್ಲೆಂಡಿನ ಒಂದು ರಾಜ್ಯದ) ನಾಣ್ಯ, ಮಠದ್ದಲ್ಲ. ಹೊಸಬರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಇದನ್ನೇ, ಯಾಕೆಂದರೆ ಅಗ್ಗ. ಕೊಳ್ಳಿ, ಪರವಾಗಿಲ್ಲ. ಆದರೆ ಚೀಟಿಯಲ್ಲಿ ಮಠ ಅಂತ ಬರೆಯಬೇಡಿ.

ಗುರಾಣಿ ಓದುವುದು

ಮಠದ ಚಿಲ್ಲರೆ ಅಂದರೆ ನಮಗೆ ಹೆಚ್ಚಾಗಿ ಸಿಗುವುದು ಬೇಡಾ ಆಂಗೇರ್ನ್ ಎಂಬ ಮಠಾಧಿಪತಿಯ ಕಾಲದ್ದು. ಬೇಡಾ ಆಳಿದ್ದು 1767ರಿಂದ 1796ರವರೆಗೆ. ಈ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ. 1770-71ರಲ್ಲಿ ಬರ ಬಂದಾಗ ಇಟಲಿಯಿಂದ ಧಾನ್ಯ ತರಿಸಿ ಪ್ರಜೆಗಳಿಗೆ ಕೊಟ್ಟರು. ರಸ್ತೆ ಮಾಡಿಸಿದರು. ಮಠಕ್ಕೆ ಸಾಲ ಏರಿತು, ಮಠದೊಳಗಿನ ಸನ್ಯಾಸಿಗಳೇ ಎದುರು ನಿಂತರು. 1795ರಲ್ಲಿ ಗೊಸ್ಸಾವ್‌ನಲ್ಲಿ ಪ್ರಜೆಗಳ ಜೊತೆ ಒಪ್ಪಂದ ಮಾಡಿಕೊಂಡು ಹಲವು ಹಳೆಯ ಹಕ್ಕುಗಳನ್ನು ಬಿಟ್ಟುಕೊಟ್ಟರು. ಈ ನಾಣ್ಯಗಳು ಆ ಕಾಲದಲ್ಲಿ ಕೈಯಿಂದ ಕೈಗೆ ಓಡಾಡಿದವು.

ಮಠಾಧಿಪತಿಯ ಪೂರ್ಣ ಗುರಾಣಿಯಲ್ಲಿ ನಾಲ್ಕು ಮನೆ. ಕರಡಿ ಮಠದ್ದು. ಕುರಿಮರಿ 1555ರಲ್ಲಿ ಸೇರಿದ ಸಾಂಕ್ಟ್ ಯೋಹಾನ್ ಮಠದ್ದು. ನಾಯಿ 1468ರಲ್ಲಿ ಕೊಂಡ ಟೊಗೆನ್‌ಬುರ್ಗ್ ಸೀಮೆಯದು. ಉಳಿದ ಮನೆ ಆಯಾ ಮಠಾಧಿಪತಿಯ ಸ್ವಂತ ಲಾಂಛನಕ್ಕೆ. ಕರಡಿ, ಕುರಿಮರಿ, ನಾಯಿ ಮೂರೂ ಒಂದೇ ಗುರಾಣಿಯಲ್ಲಿ ಕಂಡರೆ ಬೇರೆ ಏನೂ ನೋಡಬೇಕಾಗಿಲ್ಲ. ನಗರವಾಗಲಿ ಅಪೆನ್ಜೆಲ್ ಆಗಲಿ ಆ ನಾಯಿಯನ್ನು ಹಾಕುವಂತಿರಲಿಲ್ಲ. ಸವೆದ ನಾಣ್ಯದಲ್ಲಿ ನಾನು ಮೊದಲು ಹುಡುಕುವುದೇ ನಾಯಿಯನ್ನು. ಕರಡಿಗೂ ನಾಯಿಗೂ ವ್ಯತ್ಯಾಸ ತಿಳಿಯದಷ್ಟು ಸವೆದಿದ್ದರೆ ಬಾಲ ನೋಡಿ. ನಾಯಿಗೆ ಬಾಲ ಉದ್ದ.

ಗುರಾಣಿಯ ಮೇಲೆ ಮೊನಚು ಟೋಪಿ, ಅಂದರೆ ಮೈಟರ್. ಹಿಂದೆ ಒಂದು ಕಡೆ ತುದಿ ಬಾಗಿದ ಕೋಲು, ಇನ್ನೊಂದು ಕಡೆ ಕತ್ತಿ. ಕೋಲು ಧರ್ಮದ ಅಧಿಕಾರಕ್ಕೆ, ಕತ್ತಿ ರಾಜ್ಯದ ಅಧಿಕಾರಕ್ಕೆ. ಸುಮ್ನೆ ಧಾರ್ಮಿಕ ಸಂಸ್ಥೆಯಾಗಿದ್ದ ಮಠ ಕತ್ತಿ ಹಾಕುವುದಿಲ್ಲ. ತೀರಾ ಸಣ್ಣ ನಾಣ್ಯದಲ್ಲಿ ಇಷ್ಟಕ್ಕೆಲ್ಲ ಜಾಗ ಇರುವುದಿಲ್ಲ, ಆಗ ಅಕ್ಷರವೇ ಗತಿ.

ಅಕ್ಷರಗಳಲ್ಲಿ ಇವು ಗೊತ್ತಿದ್ದರೆ ಸಾಕು. ಡಿ, ಜಿ: ದೇವರ ಕೃಪೆಯಿಂದ. ಎಸ್, ಆರ್, ಐ, ಪಿ: ಪವಿತ್ರ ರೋಮನ್ ಸಾಮ್ರಾಜ್ಯದ ರಾಜಕುಮಾರ. ಎ, ಬಿ, ಬಿ: ಮಠಾಧಿಪತಿ. ಎಸ್, ಜಿ: ಸಂತ ಗಾಲಸ್‌ನ. ಇವುಗಳಿಗಿಂತ ಮೊದಲು ಬಿ, ಇ, ಡಿ, ಎ ಅಂತ ನಾಲ್ಕು ಅಕ್ಷರ ಕಂಡರೆ ಬೇಡಾ ಎಂಬ ಹೆಸರು. ಲ್ಯಾಟಿನ್ ಬರಹದಲ್ಲಿ ಯು ಬರಬೇಕಾದ ಕಡೆ ವಿ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ.

ತೂಕ ಮತ್ತು ಬೆಳ್ಳಿ

ಸೊನ್ನೆ ಪಾಯಿಂಟ್ ಸೊನ್ನೆ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ಒಂದು ಬೇಕೇ ಬೇಕು. ಅದಿಲ್ಲದೆ ಈ ಸಂಗ್ರಹಕ್ಕೆ ಕೈ ಹಾಕಬೇಡಿ.

ಲೆಕ್ಕ ಹೀಗಿದೆ. 4 ಫೆನ್ನಿಗ್ ಸೇರಿದರೆ 1 ಕ್ರೊಯ್ಟ್ಸರ್. 4 ಕ್ರೊಯ್ಟ್ಸರ್‌ಗೆ 1 ಬಾಟ್ಸೆನ್. 60 ಕ್ರೊಯ್ಟ್ಸರ್, ಅಂದರೆ 15 ಬಾಟ್ಸೆನ್, 1 ಗುಲ್ಡೆನ್. 1753ರಲ್ಲಿ ಆಸ್ಟ್ರಿಯಾ ಮತ್ತು ಬವೇರಿಯಾ ಒಪ್ಪಿಕೊಂಡ ಕನ್ವೆನ್ಷನ್ ಅಳತೆ ಆಮೇಲೆ ಸುತ್ತಲಿನ ಬಹಳ ಕಡೆ ಹರಡಿತು. ಅದರ ಪ್ರಕಾರ 233.856 ಗ್ರಾಂ ಶುದ್ಧ ಬೆಳ್ಳಿಯಲ್ಲಿ 20 ಕ್ರೊಯ್ಟ್ಸರ್‌ನ 60 ನಾಣ್ಯ ಹೊಡೆಯಬೇಕು. ಅಂದರೆ ಒಂದೊಂದರಲ್ಲಿ ಸುಮಾರು 3.9 ಗ್ರಾಂ ಬೆಳ್ಳಿ. ಉಳಿದದ್ದು ತಾಮ್ರ. ಒಟ್ಟು ತೂಕ 6.68 ಗ್ರಾಂ. ಈ ಅಳತೆಯ 20 ಕ್ರೊಯ್ಟ್ಸರ್ ನಿಮ್ಮ ಕೈಗೆ ಬಂದರೆ ತಕ್ಕಡಿಗೆ ಹಾಕಿ. ಸವೆತಕ್ಕೆ ಸ್ವಲ್ಪ ಕಳೆದು 6.4, 6.5 ಬಂದರೆ ಸರಿ. 5.5 ಬಂದರೆ ಅನುಮಾನ ಪಡಿ. 6.68ಕ್ಕಿಂತ ಸ್ಪಷ್ಟವಾಗಿ ಜಾಸ್ತಿ ಬಂದರೆ ಇನ್ನೂ ಜಾಸ್ತಿ ಅನುಮಾನ ಪಡಿ, ಯಾಕೆಂದರೆ ಬಳಸಿದ ನಾಣ್ಯದ ತೂಕ ಏರುವುದಿಲ್ಲ. 10 ಕ್ರೊಯ್ಟ್ಸರ್‌ಗೆ 3.9 ಗ್ರಾಂ ಆಸುಪಾಸು, ಅದರಲ್ಲಿ ಅರ್ಧ ಬೆಳ್ಳಿ.

ಹಳೆಯ ಪತ್ರಗಳಲ್ಲಿ ಇದೇ 20ರ ನಾಣ್ಯವನ್ನು 24 ಕ್ರೊಯ್ಟ್ಸರ್ ಅಂತ ಲೆಕ್ಕ ಹಾಕಿದ್ದು ಕಂಡರೆ ಗಾಬರಿ ಬೇಡ. ದಕ್ಷಿಣ ಜರ್ಮನಿಯ ಕಡೆ ಹಾಗೇ ನಡೆಯುತ್ತಿತ್ತು. ಅಲ್ಲಿನ ಲೆಕ್ಕದ ಗುಲ್ಡೆನ್ ಹಗುರ.

ಇನ್ನೂ ಕೆಳಗಿನ ಚಿಲ್ಲರೆಯಲ್ಲಿ ಬೆಳ್ಳಿ ತೀರಾ ಕಡಿಮೆ. ಟಂಕಸಾಲೆಯಲ್ಲಿ ಒಂದು ಟಾಲರ್‌ಗೆ ಎಷ್ಟು ಕೈಕೆಲಸವೋ ಒಂದು ಕ್ರೊಯ್ಟ್ಸರ್‌ಗೂ ಹೆಚ್ಚುಕಡಿಮೆ ಅಷ್ಟೇ. ಲೋಹ ಕತ್ತರಿಸಬೇಕು, ಅಚ್ಚು ಒತ್ತಬೇಕು, ಎಣಿಸಬೇಕು. 120 ಕ್ರೊಯ್ಟ್ಸರ್ ಹೊಡೆದರೆ ಒಂದು ಟಾಲರ್. ಆ ಖರ್ಚು ಬೆಳ್ಳಿಯಲ್ಲೇ ಕಳೆಯಬೇಕು. ಹಾಗಾಗಿ ಸಣ್ಣ ನಾಣ್ಯಕ್ಕೆ ತಾಮ್ರ ಜಾಸ್ತಿ ಬೆರೆಸಿದ ಬೆಳ್ಳಿ, ಬಿಲ್ಲನ್ ಅಂತಾರೆ. ಹೊಡೆಯುವ ಮೊದಲು ಆ ಬಿಲ್ಲೆಯನ್ನು ಹುಳಿ ದ್ರಾವಣದಲ್ಲಿ ಕುದಿಸುತ್ತಿದ್ದರು. ಮೇಲ್ಮೈಯ ತಾಮ್ರ ಕರಗಿ ಬೆಳ್ಳಿ ಮಾತ್ರ ಉಳಿಯುತ್ತಿತ್ತು. ಟಂಕಸಾಲೆಯಿಂದ ಹೊರಬಿದ್ದಾಗ ನಾಣ್ಯ ಬೆಳ್ಳಗೆ ಹೊಳೆಯುತ್ತಿತ್ತು.

ನನ್ನ ಬಳಿ ಬೇಡಾ ಕಾಲದ ಒಂದು ಬಿಲ್ಲನ್ ಚೂರಿದೆ. ಭೂತಗನ್ನಡಿ ಹಿಡಿದರೆ ಗುರಾಣಿಯ ಉಬ್ಬಿದ ಅಂಚು, ಅಕ್ಷರಗಳ ನೆತ್ತಿ ಎಲ್ಲ ಕೆಂಪು. ಅಕ್ಷರಗಳ ನಡುವಿನ ತಗ್ಗಿನಲ್ಲಿ ಮಾತ್ರ ಬೂದುಬಿಳಿ. ಉಬ್ಬಿದ ಕಡೆ ಬೆರಳು ತಾಗಿ ತಾಗಿ ಬೆಳ್ಳಿಯ ಪದರ ಹೋಗಿದೆ, ತಗ್ಗಿನಲ್ಲಿ ಉಳಿದಿದೆ. ಅಸಲಿ ಬಿಲ್ಲನ್ ಸವೆಯುವುದು ಹೀಗೆ. ತಗ್ಗು ಉಬ್ಬು ಎನ್ನದೆ ಎಲ್ಲ ಕಡೆ ಒಂದೇ ಬಣ್ಣ ಇದ್ದರೆ, ಯಾರೋ ಉಜ್ಜಿ ತೊಳೆದಿದ್ದಾರೆ ಅಥವಾ ಅದು ಎರಕ ಹೊಯ್ದ ನಕಲು. ನಕಲಿ ಎರಕದಲ್ಲಿ ಇನ್ನೊಂದು ಗುರುತು ಇರುತ್ತದೆ. ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು, ಅಕ್ಷರದ ಅಂಚು ಮೊಂಡು. ಅಚ್ಚಿನಲ್ಲಿ ಒತ್ತಿದ ನಾಣ್ಯದಲ್ಲಿ ಸವೆದ ಮೇಲೂ ಅಕ್ಷರದ ಬುಡ ಚೂಪಾಗಿ ನಿಂತಿರುತ್ತದೆ.

ಅಂಚಿನಲ್ಲಿ, ಗುರಾಣಿಯ ನೆತ್ತಿಯ ನೇರಕ್ಕೆ, ಬೆಸುಗೆಯ ಗಂಟೋ ಉಜ್ಜಿದ ಮಚ್ಚೆಯೋ ಇದೆಯೇ ನೋಡಿ. ಬಹಳ ಬೆಳ್ಳಿ ನಾಣ್ಯಗಳಿಗೆ ಕೊಂಡಿ ಹಾಕಿ ಕೊರಳಿಗೆ ತೂಗಿಸಿಕೊಂಡಿರುತ್ತಾರೆ. ಕೊಂಡಿ ತೆಗೆದ ನಾಣ್ಯಕ್ಕೆ ಬೆಲೆ ಕಡಿಮೆ. ಬೆಲೆ ತಗ್ಗಿಸಿ ಕೊಟ್ಟರೆ ಓದುವುದನ್ನು ಕಲಿಯಲು ಅಂಥದ್ದೇ ಒಳ್ಳೆಯದು.

ಹಾಳೆಯಷ್ಟು ತೆಳು ನಾಣ್ಯ

ಬೇಡಾಗಿಂತ ಐದಾರು ಶತಮಾನ ಹಿಂದೆ ಹೋದರೆ ಮಠದ ಚಿಲ್ಲರೆ ಬೇರೆಯೇ ತರಹ. ಬ್ರಾಕ್ಟಿಯೇಟ್ ಅಂತ ಹೆಸರು. ಬೆಳ್ಳಿಯ ತೆಳು ಹಾಳೆಯನ್ನು ಮೆತ್ತನೆಯ ಆಸರೆಯ ಮೇಲಿಟ್ಟು ಒಂದೇ ಕಡೆಯಿಂದ ಅಚ್ಚು ಒತ್ತುತ್ತಿದ್ದರು. ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ. ಅಗಲ ಸುಮಾರು 2 ಸೆಂಟಿಮೀಟರ್, ತೂಕ ಅರ್ಧ ಗ್ರಾಂನ ಆಸುಪಾಸು. ಕಾನ್ಸ್ಟಾನ್ಸ್ ಸರೋವರದ ಸುತ್ತಿನ ಬ್ರಾಕ್ಟಿಯೇಟ್‌ಗಳು ಪೂರ್ತಿ ದುಂಡಗಿರುವುದಿಲ್ಲ, ನಾಲ್ಕು ಮೂಲೆ ಎಳೆದ ಹಾಗೆ ಚೌಕಕ್ಕೆ ಹತ್ತಿರ. ಸುತ್ತ ಮಣಿಗಳ ಸಾಲು ಇರುತ್ತದೆ.

1240ರಲ್ಲಿ ಕಾನ್ಸ್ಟಾನ್ಸ್‌ನ ಬಿಷಪ್ ಜೊತೆ ಸರೋವರದ ಸುತ್ತಿನ ಟಂಕಸಾಲೆಗಳು ಒಂದು ಒಪ್ಪಂದಕ್ಕೆ ಬಂದವು. ತೂಕ ಒಂದೇ, ಚಿತ್ರ ಬೇರೆ ಬೇರೆ. ಲಿಂಡಾವ್‌ಗೆ ಮರ, ಊಬರ್‌ಲಿಂಗೆನ್‌ಗೆ ಸಿಂಹ, ರಾವೆನ್ಸ್‌ಬುರ್ಗ್‌ಗೆ ಕೋಟೆಬಾಗಿಲು, ಸಾಂಕ್ಟ್ ಗಾಲೆನ್‌ಗೆ ಕುರಿಮರಿ. ಓದು ಬಾರದವರೂ ಚಿತ್ರ ನೋಡಿ ಯಾವ ಊರಿನದು ಅಂತ ಹೇಳಬಹುದಿತ್ತು. ಇಲ್ಲಿ ಒಂದು ಎಚ್ಚರಿಕೆ. ಈ ಕುರಿಮರಿ ಬೇಡಾನ ಗುರಾಣಿಯ ಕುರಿಮರಿ ಅಲ್ಲ. ಅದು ಮಠಕ್ಕೆ ಬಂದದ್ದು 1555ರಲ್ಲಿ, ಇದು ಅದಕ್ಕಿಂತ 300 ವರ್ಷ ಹಿಂದಿನದು. ಬರಹವೇ ಇಲ್ಲದ ಬ್ರಾಕ್ಟಿಯೇಟ್‌ನಲ್ಲಿ ಕುರಿಮರಿ ಒಂದನ್ನೇ ನಂಬಬೇಡಿ. ನಾಣ್ಯದ ಆಕಾರ, ಮಣಿಸಾಲು, ತೂಕ ಮೂರೂ ಹೊಂದಬೇಕು. ಬರ್ಲಿನ್‌ನ ಮ್ಯೂನ್ಸ್‌ಕಾಬಿನೆಟ್ ಸಂಗ್ರಹಾಲಯ ತನ್ನ ಬಹಳಷ್ಟು ನಾಣ್ಯಗಳ ಚಿತ್ರ, ತೂಕ, ಅಳತೆಯನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಪಕ್ಕದಲ್ಲಿಟ್ಟು ಹೋಲಿಸಿ.

ಬ್ರಾಕ್ಟಿಯೇಟನ್ನು ಬೆರಳಲ್ಲಿ ಒತ್ತಬೇಡಿ. ಬಾಗಿದ್ದರೆ ನೇರ ಮಾಡಲು ಹೋಗಬೇಡಿ. ನೂರಾರು ವರ್ಷ ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಹಪ್ಪಳದಂತೆ ಪಟ್ ಅಂತ ಮುರಿಯುತ್ತದೆ. ಅಂಗೈ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ ಅಂಚು ಮಾತ್ರ ಹಿಡಿಯಿರಿ.

ಎಲ್ಲ ಮಠಗಳೂ ತಮ್ಮ ಪ್ರಜೆಗಳ ಸಂತೆಗಾಗಿಯೇ ಹೊಡೆದವು ಅಂತ ಅಂದುಕೊಳ್ಳಬೇಡಿ. ಫ್ರಾನ್ಸಿನ ಕಡಲತೀರದ ಲೆರಾನ್ಸ್ ಮಠದ ಸನ್ಯಾಸಿಗಳು ಇಟಲಿಯ ಸೆಬೋರ್ಗಾ ಎಂಬ ಪುಟ್ಟ ಗುಡ್ಡದ ಊರನ್ನು ಆಳುತ್ತಿದ್ದರು. 1666ರಲ್ಲಿ ಅಲ್ಲಿ ಟಂಕಸಾಲೆ ತೆರೆದು ಲುಯಿಜಿನೋ ಎಂಬ ಸಣ್ಣ ಬೆಳ್ಳಿ ನಾಣ್ಯ ಹೊಡೆಸಿದರು. ಫ್ರಾನ್ಸಿನ 5 ಸೋಲ್ ನಾಣ್ಯದ ಮಾದರಿಯದು. ಆಗ ಆಟೋಮನ್ ಬಂದರುಗಳಲ್ಲಿ ಇಂಥ ನಾಣ್ಯಕ್ಕೆ ಭಾರೀ ಬೇಡಿಕೆ ಇತ್ತು, ಹಾಗಾಗಿ ಅವು ಹೊರಗೆ ಹೋಗಲೆಂದೇ ಹುಟ್ಟಿದವು. 1680ರ ದಶಕದಲ್ಲಿ ಟಂಕಸಾಲೆ ಮುಚ್ಚಿತು, 1729ರಲ್ಲಿ ಊರನ್ನೇ ಸವೊಯ್ ಮನೆತನಕ್ಕೆ ಮಾರಿದರು. ಅವು ಸಿಗುವುದು ಅಪರೂಪ, ಕೇಳುವ ಬೆಲೆಯೂ ಜೋರು. ಕಲಿಯುವವರು ಅಲ್ಲಿಂದ ಶುರು ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವಾಗ, ಇಡುವಾಗ

ಸ್ವಿಟ್ಜರ್ಲೆಂಡಿನಲ್ಲಿ ಮಣ್ಣಲ್ಲಿ ಸಿಕ್ಕ, ಅಧ್ಯಯನಕ್ಕೆ ಬೆಲೆಯುಳ್ಳ ಹಳೆಯ ವಸ್ತು ಆ ಕ್ಯಾಂಟನ್‌ಗೆ ಸೇರುತ್ತದೆ, ಸಿಕ್ಕವರಿಗಲ್ಲ. ಹಾಗಾಗಿ ‘ಈಗಷ್ಟೇ ಹೊಲದಲ್ಲಿ ಸಿಕ್ಕಿತು’ ಅಂತ ಯಾರಾದರೂ ಬ್ರಾಕ್ಟಿಯೇಟ್ ತೋರಿಸಿದರೆ ಕೈಮುಗಿದು ವಾಪಸ್ ಕೊಡಿ. ಹಳೆಯ ಸಂಗ್ರಹದಿಂದ ಬಂದದ್ದು ಅನ್ನುವುದಕ್ಕೆ ಹರಾಜಿನ ಚೀಟಿ, ಬಿಲ್ ಏನಾದರೂ ಕೇಳಿ. ಆ ಚೀಟಿಯನ್ನು ನಾಣ್ಯದ ಜೊತೆಗೇ ಇಡಿ.

ತೊಳೆಯಬೇಡಿ. ನಿಂಬೆಹುಳಿ ಬೇಡ, ಟೂತ್‌ಪೇಸ್ಟ್ ಬೇಡ, ಬೆಳ್ಳಿ ಪಾಲಿಷ್ ಅಂತೂ ಬೇಡವೇ ಬೇಡ. ಬಿಲ್ಲನ್ ನಾಣ್ಯದ ಬೆಳ್ಳಿ ಪದರ ಮೊದಲೇ ತೆಳು. ಒಂದು ಸಲ ಉಜ್ಜಿದರೆ ತಗ್ಗಿನಲ್ಲಿ ಉಳಿದದ್ದೂ ಹೋಗಿ ತಾಮ್ರದ ಬಿಲ್ಲೆ ಉಳಿಯುತ್ತದೆ. ಹಸಿರು ಕಿಲುಬು ಗಟ್ಟಿಯಾಗಿ ಕೂತಿದ್ದರೆ ಹಾಗೇ ಬಿಡಿ. ಪುಡಿಪುಡಿಯಾಗಿ ಉದುರುತ್ತಾ ದಿನಕಳೆದಂತೆ ಹರಡುತ್ತಿದ್ದರೆ ಮಾತ್ರ ಗೊತ್ತಿರುವವರ ಹತ್ತಿರ ತೋರಿಸಿ, ಅಲ್ಲಿವರೆಗೆ ಬೇರೆ ನಾಣ್ಯಗಳಿಂದ ದೂರ ಇಡಿ.

ಮೆತ್ತಗೆ ಬಾಗುವ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಅದು ನಾಣ್ಯದ ಮೇಲೆ ಹಸಿರು ಜಿಗುಟು ಬಿಡುತ್ತದೆ. ಆಮ್ಲ ಇಲ್ಲದ ಕಾಗದದ ಸಣ್ಣ ಲಕೋಟೆ ಒಳ್ಳೆಯದು. ಬ್ರಾಕ್ಟಿಯೇಟ್‌ಗೆ ಗಟ್ಟಿ ಡಬ್ಬಿ, ಒಳಗೆ ಮೆತ್ತೆ. ಲಕೋಟೆಯ ಮೇಲೆ ನಾನು ಇಷ್ಟು ಬರೆಯುತ್ತೇನೆ: ಯಾರು ಹೊಡೆಸಿದ್ದು, ಮೌಲ್ಯ, ಇಸವಿ ಓದಲು ಬಂದರೆ ಇಸವಿ, ತೂಕ, ಅಗಲ, ಎಲ್ಲಿಂದ ಕೊಂಡದ್ದು. ಓದಿದ ಅಕ್ಷರಗಳನ್ನು ಇದ್ದ ಹಾಗೇ ಬರೆದು, ಸವೆದು ಹೋದ ಕಡೆ ಚುಕ್ಕೆ ಇಡುತ್ತೇನೆ, ಊಹಿಸಿ ತುಂಬುವುದಿಲ್ಲ. ಬರೆಯುವುದು ನಾಣ್ಯ ಒಳಗೆ ಹಾಕುವ ಮೊದಲು, ಪೆನ್ಸಿಲ್‌ನಲ್ಲಿ.